ಹೊಸ ಬ್ಯಾಟರಿ ಹಾಕಿದರೂ ಹಳೆಯ ಕಾರು ಚಾಲೂ ಆಗುತ್ತಿಲ್ಲವೇ?

ಬ್ಯಾಟರಿ ಬದಲಿಸಿ ಎರಡು ವಾರವೂ ಕಳೆದಿರುವುದಿಲ್ಲ. ಬೆಳಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ಹಳೆಯ ಮಾರುತಿ 800, ಪ್ರೀಮಿಯರ್ ಪದ್ಮಿನಿ ಅಥವಾ ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಹೊಸ ಅನುಭವವೇನಲ್ಲ. ಕಾರು ಚಾಲೂ ಆಗದಿದ್ದರೆ ಮೊದಲ ಆರೋಪ ಬ್ಯಾಟರಿಯ ಮೇಲೆಯೇ. ಆದರೆ ಸಾವಿರಾರು ರೂಪಾಯಿ ತೆತ್ತ ಮೇಲೂ ದೋಷ ಇದ್ದಲ್ಲೇ ಇರುವುದುಂಟು. ಎಷ್ಟೋ ಬಾರಿ ಬ್ಯಾಟರಿಯಲ್ಲಿ ವಿದ್ಯುತ್ ಇರುತ್ತದೆ. ಅದು ತಲುಪಬೇಕಾದ ಜಾಗವನ್ನು ತಲುಪುವುದಿಲ್ಲ, ಅಷ್ಟೇ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಆ ಮಾದರಿಯ ಕೊನೆಯ ಕಾರಿಗೂ ಹತ್ತು ವರ್ಷ ದಾಟಿದೆ. ಇಷ್ಟು ಕಾಲದಲ್ಲಿ ತಂತಿಗಳ ತುದಿ ಕಪ್ಪಾಗುತ್ತದೆ, ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕೂರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ಕಾರಾದರೆ ಅರ್ಥಿಂಗ್ ಕೇಬಲ್ ಬಾಡಿಗೆ ಸೇರುವ ಬೋಲ್ಟು ತುಕ್ಕು ಹಿಡಿದಿರುತ್ತದೆ.

ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂದೇ ಕರೆಯುವ ಸ್ಟಾರ್ಟರ್ ಮೋಟಾರು ಎಂಜಿನ್ ತಿರುಗಿಸಲು 100 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಟರ್ಮಿನಲ್ ಮೇಲಿನ ಪುಡಿ ಒಂದು ಓಮ್‌ನ ನೂರರಲ್ಲಿ ಎರಡು ಭಾಗದಷ್ಟು ಪ್ರತಿರೋಧ ಒಡ್ಡಿದರೂ 2 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ. ದೀಪ, ರೇಡಿಯೋಗಳಿಗೆ ಬೇಕಾದುದು ಕೆಲವೇ ಆಂಪಿಯರ್. ಹೀಗಾಗಿ ಅವು ಕೆಲಸ ಮಾಡುತ್ತವೆ, ಸೆಲ್ಫ್ ಮಾತ್ರ ಮುಷ್ಕರ ಹೂಡುತ್ತದೆ.

ಪರೀಕ್ಷೆಗೆ ಮೊದಲ ಸಾಧನ ಕಾರಿನಲ್ಲೇ ಇದೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಬೇಕು. ಬೆಳಕು ಪೂರ್ತಿ ಆರಿದರೆ ಟರ್ಮಿನಲ್ ಸಡಿಲವಾಗಿರುವ ಅಥವಾ ಕೊಳೆಯಾಗಿರುವ ಸಾಧ್ಯತೆ ಹೆಚ್ಚು. ನಿಧಾನವಾಗಿ ಮಂಕಾದರೆ ಬ್ಯಾಟರಿ ಸೊರಗಿದೆ ಇಲ್ಲವೇ ಸೆಲ್ಫ್ ಬಿಗಿದುಕೊಂಡಿದೆ. ಬೆಳಕು ಕಿಂಚಿತ್ತೂ ಕುಂದದೆ, ಸದ್ದೂ ಬಾರದಿದ್ದರೆ ಕೀಲಿಯ ಸ್ವಿಚ್ಚು ಅಥವಾ ಸೊಲೆನಾಯ್ಡ್‌ನತ್ತ ನೋಡಬೇಕು.

ಮುಂದಿನದು ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್‌ನ ಕೆಲಸ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಇದ್ದರೆ ಅರ್ಧ ಖಾಲಿ ಎಂದರ್ಥ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗಿಳಿಯಬಾರದು. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಪರೀಕ್ಷೆ ಇರುವುದು ಇನ್ನು ಮುಂದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್‌ನ ಬರಿ ಲೋಹಕ್ಕೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ತಪ್ಪಿತಸ್ಥ ಬ್ಯಾಟರಿಯಲ್ಲ, ಅರ್ಥಿಂಗ್.

ಇದಕ್ಕೆ ಮದ್ದು ಅಗ್ಗದ್ದು. ಋಣ ತುದಿಯನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಕೊನೆಗೆ ಹಾಕಬೇಕು. ಕ್ರಮ ತಪ್ಪಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಮರಳು ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ ಮೇಲೆ ವ್ಯಾಸಲೀನ್ ಸವರಿದರೆ ಸಾಕು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಕಥೆ ಬೇರೆ. ಪೆಟ್ರೋಲ್ ಇದೆಯೆಂದು ಖಚಿತಪಡಿಸಿಕೊಂಡು ಕಿಡಿಯ ದಾರಿ ಹುಡುಕಬೇಕು. ಸಿ.ಬಿ. ಪಾಯಿಂಟ್ ಇರುವ ಹಳೆಯ ಕಾರುಗಳಲ್ಲಿ ಅದು ಸುಟ್ಟಿರಬಹುದು. ಮಳೆಗಾಲವಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಸೇರಿರಬಹುದು. ಒಣ ಬಟ್ಟೆಯಿಂದ ಒರೆಸಿದರೆ ಕಾರು ಹೊರಟ ಉದಾಹರಣೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ.

ಚಾಲೂ ಆದ ಮೇಲೆ ಮೀಟರ್ 13.8ರಿಂದ 14.5 ವೋಲ್ಟ್ ತೋರಿಸದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಪರೀಕ್ಷಿಸಬೇಕು. ಅದು ಸರಿಯಿದ್ದೂ ನಿಂತ ಕಾರಿನ ಬ್ಯಾಟರಿ ಖಾಲಿಯಾಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ: ಡಿಕ್ಕಿಯಲ್ಲಿ ಆರದೆ ಉಳಿದ 5 ವ್ಯಾಟ್‌ನ ಒಂದು ಬಲ್ಬು 35 ಆಂಪಿಯರ್-ಅವರ್ ಬ್ಯಾಟರಿಯನ್ನು ಮೂರೂವರೆ ದಿನದಲ್ಲಿ ಬರಿದು ಮಾಡಬಲ್ಲದು. ಸೋರಿಕೆ ಹುಡುಕಲು ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ಪದೇ ಪದೇ ಹೋಗುವ ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವ ಚಾಳಿ ಇನ್ನೂ ಹೋಗಿಲ್ಲ. ಆಗ ಸುಡುವುದು ಫ್ಯೂಸಲ್ಲ, ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್.