ಖಡ್ಗದ ಹಿಡಿ

ಖಡ್ಗವೆಂದೊಡನೆ ನಮ್ಮ ಕಣ್ಣು ಅಲಗಿನ ಮೇಲೆ ಓಡುತ್ತದೆ. ಕವಿಗಳು ಹಾಡಿದ್ದು ಅಲಗಿನ ಮಿಂಚನ್ನು. ಚರಿತ್ರಕಾರರು ಬರೆದಿಟ್ಟದ್ದು ಅದರ ಗೆಲುವುಗಳನ್ನು. ಆದರೆ ಖಡ್ಗಧಾರಿಯ ಕೈ ಅಲಗನ್ನು ಮುಟ್ಟುವುದಿಲ್ಲ; ಅದು ಬಲ್ಲದ್ದು ಹಿಡಿಯನ್ನು ಮಾತ್ರ. ಮನುಷ್ಯನಿಗೂ ಆಯುಧಕ್ಕೂ ಸಂಬಂಧ ಕೂಡುವುದು ಅಲ್ಲಿಯೇ. ಚೀನದ ಖಡ್ಗದ ಹಿಡಿಯನ್ನು ಬಿಚ್ಚಿ ನೋಡಿದವರಿಗೆ ಈ ಮಾತು ಚೆನ್ನಾಗಿ ಮನದಟ್ಟಾಗುತ್ತದೆ.

ಚೀನೀಯರು ಒಂದೇ ಮಗ್ಗುಲು ಹರಿತವಾದ ಕತ್ತಿಯನ್ನು ‘ದಾವ್’ ಎಂದೂ, ನೇರವಾದ ಇಬ್ಬಾಯಿ ಖಡ್ಗವನ್ನು ‘ಜಿಯೆನ್’ ಎಂದೂ ಕರೆಯುತ್ತಾರೆ. ಜಿಯೆನ್ ಅಲ್ಲಿ ಬರಿಯ ಆಯುಧವಲ್ಲ. ವಿದ್ವಾಂಸನ ಭೂಷಣ, ತಾವೋ ಪುರೋಹಿತನ ಪೂಜಾಸಾಧನ, ಇಂದಿಗೂ ತಾಯ್‌ಚಿ ಅಭ್ಯಾಸಿಗಳ ಸಂಗಾತಿ. ಝೆಜಿಯಾಂಗ್ ಪ್ರಾಂತದ ಲೊಂಗ್‌ಚ್ಯುವಾನ್ ಊರು ಖಡ್ಗಗಳಿಗೆ ಹೆಸರಾಂತುದು.

1965ರಲ್ಲಿ ಹೂಬೇ ಪ್ರಾಂತದ ಒಂದು ಸಮಾಧಿಯಲ್ಲಿ ಯೂವೆ ರಾಜ್ಯದ ದೊರೆ ಗೌಜಿಯೆನ್ನನ ಕಂಚಿನ ಖಡ್ಗ ದೊರೆಯಿತು. ಎರಡು ಸಾವಿರದ ನಾನೂರು ವರ್ಷಗಳಿಗೂ ಹಳೆಯದಾದ ಅದು ಈಗ ವುಹಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹಿಡಿಯ ತುದಿಯಲ್ಲಿ ಒಂದರೊಳಗೊಂದು ಹನ್ನೊಂದು ತೆಳುವಾದ ಬಳೆಗಳಿವೆ. ಇಂಥ ಕಂಚಿನ ಖಡ್ಗಕ್ಕೆ ಬಿಚ್ಚುವ ಹಿಡಿಯಿಲ್ಲ. ಲೋಹದ ಹಿಡಿ ಅಲಗಿನೊಡನೆಯೇ ನಿಂತಿದೆ. ಅದರ ಮೇಲೆ ಸುತ್ತಿದ ರೇಷ್ಮೆಯ ದಾರವೊಂದೇ ಕೈಗೆ ಒಗ್ಗುವಂತೆ ಬದಲಾಯಿಸಬಹುದಾದ ಭಾಗ.

ಕಂಚಿನ ಕಾಲ ಕಳೆದು ಉಕ್ಕು ಬಂದ ಮೇಲೆ ರಚನೆ ಬೇರೆಯಾಯಿತು. ಅಲಗಿನ ಬುಡದಿಂದ ಕಿರಿದಾದ ಬಾಲವೊಂದು ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದಕ್ಕೆ ಮೊದಲು ಕೈಗೆ ಕಾವಲಾದ ಲೋಹದ ತಡೆ, ಆಮೇಲೆ ಮರದ ಹಿಡಿ, ಕೊನೆಗೆ ಲೋಹದ ಗುಂಡು ಎಂದು ಒಂದೊಂದಾಗಿ ಪೋಣಿಸುತ್ತಾರೆ. ಗುಂಡಿನಿಂದ ಹೊರಚಾಚಿದ ಬಾಲದ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಅಗಲಿಸಿದರೆ ಎಲ್ಲವೂ ಬಿಗಿಯುತ್ತದೆ. ಇಂದಿನ ಹಲವು ಖಡ್ಗಗಳಲ್ಲಿ ಆ ತುದಿಗೆ ತಿರುಪಿನ ಸುತ್ತು ಕೊರೆದು ನಟ್ಟು ಹಾಕಿರುತ್ತಾರೆ.

ಬಿಚ್ಚುವ ಕೆಲಸ ಒರಟುತನವನ್ನು ಸಹಿಸದು. ಅಲಗಿಗೆ ದಪ್ಪ ಬಟ್ಟೆ ಸುತ್ತಬೇಕು. ಯಾವ ಭಾಗ ಯಾವ ಕಡೆಗಿತ್ತೆಂದು ಗುರುತಿಟ್ಟುಕೊಳ್ಳಬೇಕು. ನಟ್ಟಿದ್ದರೆ ತಿರುಗಿಸಿ ತೆಗೆಯಬಹುದು. ತಟ್ಟಿ ಬಿಗಿದದ್ದಾದರೆ ಅರದಿಂದ ಉಜ್ಜಬೇಕು. ಬಳಿಕ ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ ಹಿಡಿಯನ್ನು ಸಡಿಲಿಸಬೇಕು. ಅಂಟನ್ನು ಕರಗಿಸಲೆಂದು ಬೆಂಕಿಯ ಮೊರೆಹೊಕ್ಕರೆ ಉಕ್ಕಿನ ಹದವೇ ಕೆಟ್ಟೀತು.

ಹಿಡಿ ಕಳಚಿದಾಗ ಖಡ್ಗದ ನಿಜಸ್ವರೂಪ ಬಯಲಿಗೆ ಬರುತ್ತದೆ. ಹೊರಗೆ ಹಿತ್ತಾಳೆಯ ಕುಸುರಿಕೆಲಸವಿದ್ದು, ಒಳಗೆ ಬೆಸುಗೆ ಹಾಕಿದ ಸಣಕಲು ಕಂಬಿಯಿದ್ದರೆ ಆ ಖಡ್ಗ ನೋಟಕ್ಕಷ್ಟೇ. ಬೀಸಿದಾಗ ಅಲಗು ಹಾರಿಹೋಗುವ ಭಯವುಂಟು. ಅಲಗೂ ಬಾಲವೂ ಒಂದೇ ಉಕ್ಕಾಗಿದ್ದು, ಅವು ಕೂಡುವ ಮೂಲೆ ಚೂಪಾಗಿರದೆ ದುಂಡಗಿದ್ದರೆ ಅದು ನಂಬತಕ್ಕದ್ದು.

ಹೊಸ ಹಿಡಿಗೆ ಗಟ್ಟಿಮರ ಬೇಕು. ಅದರ ಕಂಡಿ ಬಾಲಕ್ಕೆ ಸರಿಯಾಗಿ ಒಪ್ಪಬೇಕು. ಎಡೆಯುಳಿದರೆ ತೆಳುವಾದ ಮರದ ಚಕ್ಕೆ ತುಂಬಬೇಕು. ಹಿಡಿ ಉರುಟಾಗಿರದೆ ಮೊಟ್ಟೆಯಾಕಾರದಲ್ಲಿದ್ದರೆ, ಅಲಗಿನ ಬಾಯಿ ಯಾವ ಕಡೆಗಿದೆಯೆಂದು ಕಣ್ಣು ನೋಡದೆಯೇ ಕೈ ಅರಿಯುತ್ತದೆ. ತುದಿಯ ಗುಂಡಿನ ತೂಕ ಹೆಚ್ಚಿದಷ್ಟೂ ಖಡ್ಗದ ಸಮತೂಕ ಕೈಯ ಸಮೀಪಕ್ಕೆ ಸರಿಯುತ್ತದೆ. ಅಲಗನ್ನು ಮುಟ್ಟದೆಯೇ ಅದರ ನಡೆಯನ್ನು ಬದಲಾಯಿಸುವ ಉಪಾಯವಿದು!

ಆದರೆ ಕೌಶಲವಿದ್ದಲ್ಲಿ ಸಂಯಮವೂ ಬೇಡವೇ? ನಿನ್ನೆ ಮಾಡಿದ ಖಡ್ಗವನ್ನು ನಮ್ಮ ಕೈಗೆ ತಕ್ಕಂತೆ ತಿದ್ದುವುದು ನ್ಯಾಯವೇ. ಶತಮಾನಗಳ ಹಿಂದಿನ ಖಡ್ಗ ಕೈಸೇರಿದಾಗ ಮಾತು ಬೇರೆ. ತಟ್ಟಿ ಬಿಗಿದ ತುದಿಯನ್ನು ಉಜ್ಜಿದ ಪ್ರತಿಸಲವೂ ಬಾಲ ಕೊಂಚ ಮೋಟಾಗುತ್ತದೆ; ಹೋದ ಉಕ್ಕು ಮರಳಿ ಬಾರದು. ಸವೆದ ಮರದಲ್ಲಿ ಅಳಿದವರ ಬೆರಳಿನ ಗುರುತಿರುತ್ತದೆ; ಅದನ್ನು ಅಂದಕ್ಕಾಗಿ ಕಿತ್ತೆಸೆದರೆ ಉಳಿಯುವುದು ಖಡ್ಗ, ಅಳಿಯುವುದು ಚರಿತ್ರೆ.

ಮರ ಸವೆಯುತ್ತದೆ, ರೇಷ್ಮೆ ಕೊಳೆಯುತ್ತದೆ, ಅಲಗು ಬಹುಕಾಲ ನಿಲ್ಲುತ್ತದೆ. ಕೆಡುವ ಭಾಗವನ್ನು ಕಳಚಿ ಕೂಡಿಸಲು ಬರುವಂತೆ ಮಾಡಿದ ಹಳೆಯ ಕಮ್ಮಾರ, ತನ್ನ ಕೃತಿ ಇನ್ನೊಬ್ಬರ ಕೈಗೆ ಹೋಗುವುದೆಂದು ಬಲ್ಲವನಾಗಿದ್ದ. ಅದನ್ನು ಬಿಚ್ಚುವ ನಾವೂ ನಮ್ಮ ಅನಂತರ ಮತ್ತೊಂದು ಕೈ ಬರಲಿದೆಯೆಂಬುದನ್ನು ಮರೆಯಬಾರದು.