ಕಂಪ್ಯೂಟರಿಗೇಕೆ ನೀರು?

ಡೇಟಾ ಸೆಂಟರ್‌ನಲ್ಲಿರುವುದು ಕಂಪ್ಯೂಟರುಗಳು. ಅವಕ್ಕೆ ನೀರೇಕೆ? ಊರ ಹತ್ತಿರ ಒಂದು ಬಂದರೆ ನೀರಿನ ಲೆಕ್ಕ ನಾವೇ ಇಡಬಹುದೇ? – ಓದುಗರು, ಇಳಕಲ್

ಕಂಪ್ಯೂಟರು ಬಳಸುವ ವಿದ್ಯುತ್ತೆಲ್ಲ ಕಡೆಗೆ ಬಿಸಿಯಾಗುತ್ತದೆ. ಅದನ್ನು ಹೊರಹಾಕಲು ಹಲವು ಕಡೆ ಬಳಸುವುದು ಬೇಸಿಗೆಯ ಹರವಿಯ ಉಪಾಯವನ್ನೇ: ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಯುನಿಟ್ ವಿದ್ಯುತ್ತಿನ ಬಿಸಿಯನ್ನು ಹೀಗೇ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಬೇಕು. ಆವಿಯಾದದ್ದು ಚರಂಡಿಗೂ ಬರುವುದಿಲ್ಲ, ಆದ್ದರಿಂದ ಹೊಸ ನೀರು ತುಂಬುತ್ತಲೇ ಇರಬೇಕು.

ಲೆಕ್ಕ ಖಂಡಿತ ಇಡಬಹುದು. 2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲಿ ನಿಮ್ಮ ಬಾಗಲಕೋಟೆ ಜಿಲ್ಲೆಯ ಪಂಚಾಯ್ತಿಗಳೂ ಇದ್ದವು. ಊರವರೇ ಅಂತರ್ಜಲ ಅಳೆದು ನೀರಿನ ಆಯವ್ಯಯ ಬರೆಯುವುದೇ ಅದರ ತಿರುಳು. ಪಂಪು ನಿಲ್ಲಿಸಿ, ಕೆಲವು ತಾಸು ಬಿಟ್ಟು, ಬೋರ್‌ವೆಲ್‌ಗೆ ಸದ್ದುಮಾಡುವ ಸೂಚಕವಿರುವ ಅಳತೆಪಟ್ಟಿ ಇಳಿಬಿಡುತ್ತಾರೆ. ತುದಿ ನೀರಿಗೆ ತಾಗಿದೊಡನೆ ಮೇಲೆ ಸದ್ದಾಗುತ್ತದೆ. ಎಷ್ಟು ಮೀಟರ್ ಎಂದು ಬರೆದುಕೊಂಡರೆ ಆಯಿತು. ಮಳೆಗೆ ಮುಂಚೆ, ಮಳೆ ಮುಗಿದ ಮೇಲೆ ತಪ್ಪದೆ ಅಳೆಯಬೇಕು.

ಆದರೆ ಮಟ್ಟ ಕುಸಿದದ್ದು ಗೊತ್ತಾಗುತ್ತದೆಯೇ ಹೊರತು ಕಾರಣ ಬರವೋ, ಕಬ್ಬೋ, ಡೇಟಾ ಸೆಂಟರೋ ಎಂದು ತಿಳಿಯದು. ಅದಕ್ಕೆ ಕಟ್ಟಡದ ನೀರಿನ ಕೊಳವೆಗೆ ಮೀಟರ್ ಬೇಕು, ಅದರ ಅಂಕಿ ಗ್ರಾಮಸಭೆಗೆ ಬರಬೇಕು. ಬಾವಿಗಳ ಅಳತೆಯನ್ನಂತೂ ಬುನಾದಿ ಅಗೆಯುವ ಮೊದಲೇ ಶುರುಮಾಡಿ. ಹಿಂದಿನ ಅಂಕಿ ಕೈಯಲ್ಲಿಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.