ಗಣಿತದ ಮಾಸ್ತರರು ಇಲ್ಲೇ ಬೆಳೆಯಬೇಕು

ಕಲಬುರಗಿಯಿಂದ ಆಳಂದದ ಕಡೆ ಹೊರಟರೆ ಕಡಗಂಚಿಯ ಹತ್ತಿರ ತೊಗರಿ ಹೊಲಗಳ ನಡುವೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ಕಾಣುತ್ತವೆ. 2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಈ ವಿ.ವಿ.ಯಲ್ಲಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ ವಿಭಾಗಗಳಿವೆ. ಶಿಕ್ಷಣ ವಿಭಾಗವೂ ಇದೆ. ಇದೇ ಕಲಬುರಗಿ ಜಿಲ್ಲೆ 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಶೇ 42.43ರಷ್ಟು ಫಲಿತಾಂಶ ಪಡೆದು ರಾಜ್ಯದ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತಿತು. ಮೊದಲ ಸ್ಥಾನದ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12. ಈ ಅಂತರಕ್ಕೆ ಬಡತನ, ಗುಳೆ, ಮನೆಯ ವಾತಾವರಣ ಎಲ್ಲವೂ ಕಾರಣ. ಆದರೆ ಶಾಲೆಯೊಳಗೇ ಇರುವ ಒಂದು ಕಾರಣದ ಬಗ್ಗೆ ನಾವು ಸಾಕಷ್ಟು ಮಾತಾಡುತ್ತಿಲ್ಲ.

ಹಳ್ಳಿಯ ಸಣ್ಣ ಸರ್ಕಾರಿ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರು ಒಬ್ಬರು, ಸಿಬಿಝಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಶಿಕ್ಷಕರು ಒಬ್ಬರು. ಸಮಾಜ ವಿಜ್ಞಾನದ ಹುದ್ದೆ ಖಾಲಿಯಾದರೆ ಕನ್ನಡದ ಶಿಕ್ಷಕರು ಹೇಗೋ ಪಾಠ ಮುಗಿಸಿಕೊಡಬಹುದು. ಪಿಸಿಎಂ ಶಿಕ್ಷಕರು ಕೌನ್ಸೆಲಿಂಗ್‌ನಲ್ಲಿ ವರ್ಗವಾಗಿ ಹೋದರೆ ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗಳ ಗಣಿತ ಒಂದೇ ದಿನ ನಿಂತುಹೋಗುತ್ತದೆ. ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಶಾಲೆ ಶುರುವಾಗಿ ದಿನಗಳು ಉರುಳಿರುತ್ತವೆ. ಅವರ ಗೌರವಧನವನ್ನು 2025–26ರ ಬಜೆಟ್ಟಿನಲ್ಲಿ 2,000 ರೂಪಾಯಿ ಹೆಚ್ಚಿಸಿದ್ದು ನಿಜ. ಆದರೂ ಬಿ.ಎಸ್ಸಿ., ಬಿ.ಇಡಿ. ಮುಗಿಸಿದವರು ಆ ದುಡ್ಡಿನಲ್ಲಿ, ಮುಂದಿನ ವರ್ಷದ ಖಾತ್ರಿಯೇ ಇಲ್ಲದೆ, ಎಷ್ಟು ದಿನ ಇದ್ದಾರು?

ನೇಮಕಾತಿ ನಡೆದೇ ಇಲ್ಲ ಎನ್ನುವಂತಿಲ್ಲ. ಆರರಿಂದ ಎಂಟನೇ ತರಗತಿಗಾಗಿ 2022ರಲ್ಲಿ ಕರೆದ 15,000 ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲಬುರಗಿ ಸೇರಿರುವ ಕಲ್ಯಾಣ ಕರ್ನಾಟಕಕ್ಕೇ ಮೀಸಲಾಗಿದ್ದವು. ಅರ್ಹರು ಸಿಗದೆ ಎಲ್ಲ ಹುದ್ದೆಗಳೂ ತುಂಬಲಿಲ್ಲ. ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ನೌಕರಿಯ ಬಾಗಿಲು ತೆರೆದಿದೆ, ಆದರೆ ಆ ಬಾಗಿಲಿನವರೆಗೆ ಬರುವ ಗಣಿತ ಪದವೀಧರರೇ ಕಡಿಮೆ. ಯಾಕೆ ಎಂದು ತಿಳಿಯಲು ಹಿಂದಕ್ಕೆ ಹೋಗಬೇಕು. ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಇಂಥ ಕಡೆ ಎಂಟನೇ ತರಗತಿಯಲ್ಲಿ ಬೀಜಗಣಿತ ತಪ್ಪಿಸಿಕೊಂಡ ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ಹಿಡಿಯುವುದಿಲ್ಲ. ಹಿಡಿದರೆ ಕಲಬುರಗಿಯ ಹಾಸ್ಟೆಲ್ಲು, ಟ್ಯೂಷನ್ನಿನ ಖರ್ಚು. ಪದವಿಯ ಮೇಲೆ ಮತ್ತೆರಡು ವರ್ಷ ಬಿ.ಇಡಿ., ಆಮೇಲೆ ಅಧಿಸೂಚನೆಗಾಗಿ ಕಾಯುವುದು. ಇವತ್ತು ಶಿಕ್ಷಕರಿಲ್ಲದ ಶಾಲೆ ಹತ್ತು ವರ್ಷದ ನಂತರದ ಶಿಕ್ಷಕರನ್ನೂ ಕಳೆದುಕೊಳ್ಳುತ್ತಿದೆ.

ಈ ಸುತ್ತು ಮುರಿಯಲು ಒಂದು ಮಾದರಿ ನಮ್ಮ ರಾಜ್ಯದಲ್ಲೇ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಶುರುವಾದದ್ದು 1963ರಲ್ಲಿ. ಪಿಯುಸಿ ಮುಗಿಸಿದವರನ್ನು ತೆಗೆದುಕೊಂಡು ವಿಜ್ಞಾನವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸುವ ಕೋರ್ಸು ಅಲ್ಲಿದೆ. ಈ ಮಾದರಿ ಕಡಗಂಚಿಯಲ್ಲಿ ಈ ಮೂರು ತಾಲ್ಲೂಕುಗಳ ಮಕ್ಕಳಿಗಾಗಿಯೇ ನಡೆಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಓದಿನ ಖರ್ಚು ಸರ್ಕಾರದ್ದು, ಪ್ರತಿಯಾಗಿ ಇಲ್ಲಿನ ಶಾಲೆಯಲ್ಲಿ ಸೇವೆ. ಅಮೆರಿಕದಲ್ಲಿ 2002ರಿಂದ ಇರುವ ರಾಬರ್ಟ್ ನಾಯ್ಸ್ ವಿದ್ಯಾರ್ಥಿವೇತನದ ಕರಾರು ಇಂಥದೇ: ಒಂದು ವರ್ಷದ ನೆರವಿಗೆ ಎರಡು ವರ್ಷ, ಶಿಕ್ಷಕರ ಕೊರತೆ ಹೆಚ್ಚಿರುವ ಕಡೆ ಪಾಠ.

ತರಬೇತಿಯೂ ಈ ನೆಲದ್ದೇ ಆಗಿರಬೇಕು. ಬಿ.ಇಡಿ. ವಿದ್ಯಾರ್ಥಿಗಳು ಕನಿಷ್ಠ 20 ವಾರ ಶಾಲೆಗಳಲ್ಲಿ ಕಳೆಯಬೇಕೆಂಬ ನಿಯಮವಿದೆ. ಆ ವಾರಗಳು ಕಲಬುರಗಿ ನಗರದ ಶಾಲೆಗಳಲ್ಲಿ ಮುಗಿಯದೆ ನರೋಣಾ, ನಿಂಬರ್ಗಾ, ಕರಜಗಿ, ನೆಲೋಗಿಯಂಥ ಊರುಗಳಲ್ಲಿ ನಡೆಯಲಿ. ಇಂಗ್ಲಿಷಿನಲ್ಲಿ ಬಿ.ಎಸ್ಸಿ. ಓದಿದವರು ಕನ್ನಡ ಮಾಧ್ಯಮದ ತರಗತಿಯಲ್ಲಿ ಬೆಳಕಿನ ವಕ್ರೀಭವನ ವಿವರಿಸಬೇಕು. ಮುಂದೆ ಕೂತ ಮಕ್ಕಳಲ್ಲಿ ತಾಂಡಾದಿಂದ ಬಂದು ಮನೆಯಲ್ಲಿ ಲಂಬಾಣಿ ಆಡುವವರಿರುತ್ತಾರೆ, ಗಡಿಯ ಮರಾಠಿ ಮನೆಯವರಿರುತ್ತಾರೆ, ದಖನಿ ಉರ್ದುವಿನವರೂ ಇರುತ್ತಾರೆ. ಸುಗ್ಗಿಗೋ ಗುಳೆಗೋ ಹೋಗಿ ವಾರಗಟ್ಟಲೆ ಪಾಠ ತಪ್ಪಿಸಿಕೊಂಡು ಬಂದವರಿಗೆ ಮತ್ತೆ ಮೊದಲಿನಿಂದ ಹೇಳಿಕೊಡಬೇಕು. ಭೀಮೆಗೆ ಪ್ರವಾಹ ಬಂದಾಗ ಸೊನ್ನ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂದು ಅಫಜಲಪುರದ ಮಕ್ಕಳು ಕೇಳುತ್ತಲೇ ಬೆಳೆಯುತ್ತಾರೆ. ಆ ನೀರು ಒಂದು ಎಕರೆ ಹೊಲವನ್ನು ಒಂದು ಅಡಿ ಮುಳುಗಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿ ನೋಡಿ. ಘನಫಲದ ಪಾಠಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಬಂದವರು ಉಳಿಯುವುದು ಇನ್ನೊಂದು ಕಥೆ. ವರ್ಗಾವಣೆಯ ನಿಯಮದಲ್ಲಿ ಪಟ್ಟಣಗಳಿಂದ ದೂರದ ಹಳ್ಳಿಗಳು 'ಸಿ' ವಲಯ. ಅಲ್ಲಿನ ಸೇವೆಯನ್ನು ಆದಷ್ಟು ಬೇಗ ಮುಗಿಸಿ ಹೊರಡಬೇಕಾದ ಅವಧಿ ಎಂದು ನೋಡುವ ಶಿಕ್ಷಕರನ್ನು ನಾನು ದೂರುವುದಿಲ್ಲ. ಬಾಡಿಗೆಗೆ ಮನೆ ಸಿಗದ, ಸಂಜೆ ಐದರ ಮೇಲೆ ಬಸ್ಸಿಲ್ಲದ, ಶೌಚಾಲಯಕ್ಕೆ ನೀರಿಲ್ಲದ ಊರಿನಲ್ಲಿ ಇಪ್ಪತ್ತೈದರ ಹರೆಯದ ಶಿಕ್ಷಕಿ ಹೇಗೆ ಇರಬೇಕು? ಅದಕ್ಕಿಂತ ಹೆಚ್ಚು ಕಾಡುವುದು ಒಂಟಿತನ. ತ್ರಿಕೋನಮಿತಿ ಮಕ್ಕಳ ತಲೆಗೆ ಹೋಗುತ್ತಿಲ್ಲ ಎಂದರೆ ಕೇಳಿ ಉತ್ತರಿಸಲು ಆ ಶಾಲೆಯಲ್ಲಿ ಇನ್ನೊಬ್ಬ ಗಣಿತದವರಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಶಿಕ್ಷಕರು ಒಟ್ಟಿಗೆ ಕೂತು ಪಾಠದ ಬಗ್ಗೆಯೇ ಮಾತಾಡಲು ನೆರವಾಗುತ್ತ ಬಂದಿದೆ. ಅಂಥ ಜಾಗ ಪ್ರತಿ ತಾಲ್ಲೂಕಿನಲ್ಲೂ ವಿಷಯವಾರು ಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ 'ಅಕ್ಷರ ಆವಿಷ್ಕಾರ' ಯೋಜನೆಯಲ್ಲಿ ಶಾಲೆಗಳಿಗೆ ಹಣ ಹಾಕುತ್ತಿದೆ. ಕೊಠಡಿಗಳ ಜೊತೆಗೆ ಶಿಕ್ಷಕಿಯರ ವಸತಿಗೂ ಅದರಲ್ಲಿ ಪಾಲು ಸಿಗಲಿ. ಇನ್ನು ಹೊಸ ಶಿಕ್ಷಕರಿಗೆ ಮೊದಲ ಮೂರು ವರ್ಷ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕಡಗಂಚಿಯ ಪ್ರಯೋಗಾಲಯಗಳನ್ನು ತೆರೆದಿಡುವುದಕ್ಕೆ ಹೊಸ ಕಾನೂನೂ ಬೇಡ, ಹೊಸ ಬಜೆಟ್ಟೂ ಬೇಡ. ವಿ.ವಿ.ಯ ಕುಲಪತಿಗಳೂ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರೂ (ಡಿಡಿಪಿಐ) ಒಮ್ಮೆ ಕೂತು ಮಾತಾಡಿದರೆ ಈ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು.